ಬ್ಯಾಟರಿ ಇಲ್ಲದ ಕಿಡಿ

ಕಂದಿಕೆರೆಯ ಓದುಗರೊಬ್ಬರು ಕೇಳಿದ್ದಾರೆ: "ನಮ್ಮನೆ ಹಳೇ ಟಿವಿಎಸ್ 50ಗೆ ಬ್ಯಾಟರಿಯೇ ಇಲ್ಲ. ಆದರೂ ಪ್ಲಗ್ಗಿಗೆ ಕರೆಂಟ್ ಬರುತ್ತೆ, ಹೆಡ್‌ಲೈಟೂ ಉರಿಯುತ್ತೆ. ಎಲ್ಲಿಂದ?"

ಎಂಥ ಒಳ್ಳೆಯ ಪ್ರಶ್ನೆ! 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಹೊರಬಂದ ಈ ಪುಟ್ಟ ಗಾಡಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿ ಚೀಲ, ಹಾಲಿನ ಕ್ಯಾನು, ಹುಲ್ಲಿನ ಹೊರೆ ಎಲ್ಲವನ್ನೂ ಹೊತ್ತಿದೆ. ಕರೆಂಟು ಹುಟ್ಟುವುದು ಅದರ ಎಂಜಿನ್ನಿನ ಪಕ್ಕದಲ್ಲೇ ಇರುವ ಮ್ಯಾಗ್ನೆಟೊದಲ್ಲಿ. ನಮ್ಮ ಮೆಕ್ಯಾನಿಕ್‌ಗಳು ಅದನ್ನು ಬರೀ ಮ್ಯಾಗ್ನೆಟ್ ಅನ್ನುತ್ತಾರೆ. ಅದರ ಬೆಲೆ ಏನೆಂದು ತಿಳಿಯಲು ಮೋಟಾರ್‌ಸೈಕಲ್ ರೇಸಿಗೆ ವಿಶ್ವ ಚಾಂಪಿಯನ್‌ಶಿಪ್ ಶುರುವಾದ 1949ಕ್ಕಿಂತ ಒಳ್ಳೆಯ ವರ್ಷ ಇಲ್ಲ.

ಎಫ್‌ಐಎಂ ಎಂಬ ಅಂತರರಾಷ್ಟ್ರೀಯ ಒಕ್ಕೂಟ ನಡೆಸಿದ ಆ ಮೊದಲ ಋತುವಿನ ಮೊದಲ ಘಟ್ಟ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನಡೆಯಿತು. ದ್ವೀಪದಲ್ಲಿದ್ದದ್ದು ರೇಸಿಗೆಂದೇ ಕಟ್ಟಿದ ಟ್ರ್ಯಾಕ್ ಅಲ್ಲ, ಊರು, ಗುಡ್ಡ, ಕಲ್ಲುಗೋಡೆಗಳ ನಡುವೆ ಹಾಯುವ ಸಾಮಾನ್ಯ ರಸ್ತೆ. ಒಂದು ಸುತ್ತೇ ಸುಮಾರು 60 ಕಿಲೋಮೀಟರ್. 500 ಸಿಸಿ ಬೈಕುಗಳು ಅಂಥ ಏಳು ಸುತ್ತು ಹಾಕಬೇಕು.

ಜೂನ್ 17ರಂದು ನಡೆದ ಆ ರೇಸಿನ ಕೊನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದವರು ಬ್ರಿಟನ್ನಿನ ಲೆಸ್ ಗ್ರಹಾಂ. ಅವರ ಎಜೆಎಸ್ ಬೈಕಿಗೆ ಮುಳ್ಳುಹಂದಿ ಎಂಬ ಅಡ್ಡಹೆಸರಿತ್ತು, ಎಂಜಿನ್ನಿನ ಶಾಖ ಕಳೆಯುವ ರೆಕ್ಕೆಗಳು ಮುಳ್ಳಿನ ಹಾಗೆ ಎದ್ದು ನಿಂತಿದ್ದವು. ಗೆಲುವಿನ ಗೆರೆಗೆ ಇನ್ನು ಮೂರು ಕಿಲೋಮೀಟರ್ ಆಸುಪಾಸು. ಅಷ್ಟರಲ್ಲಿ ಎಂಜಿನ್ ಸದ್ದಡಗಿತು. ಪೆಟ್ರೋಲ್ ಇತ್ತು, ಪಿಸ್ಟನ್ ಸರಿಯಾಗಿತ್ತು. ಮುರಿದದ್ದು ಮ್ಯಾಗ್ನೆಟೊದ ಸಣ್ಣ ದಂಡ. ಗ್ರಹಾಂ ಬೈಕನ್ನು ತಳ್ಳಿಕೊಂಡೇ ಬಂದು ಹತ್ತನೆಯವರಾದರು. ನಾರ್ಟನ್ ಓಡಿಸಿದ ಹೆರಾಲ್ಡ್ ಡೇನಿಯಲ್ ಗೆದ್ದರು. ಸ್ಥಾನಕ್ಕೆ ಅಂಕ ಸಿಗುತ್ತಿದ್ದದ್ದು ಮೊದಲ ಐವರಿಗೆ ಮಾತ್ರ.

ಹಾಗಾದರೆ ಆ ದಂಡ ತಿರುಗಿ ಮಾಡುವ ಕೆಲಸವೇನು? ತಾಮ್ರದ ತಂತಿಯ ಸುರುಳಿಯ ಹತ್ತಿರ ಆಯಸ್ಕಾಂತ ಅಲುಗಾಡಿದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ, ಇದು 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದು. ಟಿವಿಎಸ್‌ನಲ್ಲಿ ಎಂಜಿನ್ ಜೊತೆ ತಿರುಗುವ ಫ್ಲೈವ್ಹೀಲ್ ಎಂಬ ಚಕ್ರದ ಒಳಗೋಡೆಗೆ ಆಯಸ್ಕಾಂತ ಕೂರಿಸಿದ್ದಾರೆ. ಚಕ್ರ ತಿರುಗಿದಂತೆ ಅದು ಒಳಗಿನ ಕಾಯಿಲ್ ಸುತ್ತ ಗಿರಗಿರನೆ ಸುತ್ತುತ್ತದೆ. ಆದರೆ ಹೀಗೆ ಹುಟ್ಟುವ ಕರೆಂಟು ಪ್ಲಗ್ಗಿನ ತುದಿಯ ಸಂದಿಯನ್ನು ಜಿಗಿಯುವಷ್ಟು ಜೋರಿನದಲ್ಲ. ಅದಕ್ಕೆಂದೇ ಒಂದು ಚಮತ್ಕಾರವಿದೆ. ಕರೆಂಟು ತುಂಬಿ ಹರಿಯುತ್ತಿರುವ ಕ್ಷಣದಲ್ಲೇ ಪಾಯಿಂಟ್ ಎಂಬ ಪುಟ್ಟ ಸ್ವಿಚ್ಚು ಬಾಯಿ ತೆರೆದು ದಾರಿಯನ್ನು ಫಟ್ಟನೆ ಕಡಿಯುತ್ತದೆ. ತೋಟದಲ್ಲಿ ಬೋರ್‌ವೆಲ್ ನೀರು ರಭಸದಿಂದ ಬರುತ್ತಿರುವಾಗ ವಾಲ್ವನ್ನು ಒಮ್ಮೆಲೇ ಮುಚ್ಚಿ ನೋಡಿ, ಪೈಪು ಧಡ್ ಎಂದು ಒದರುತ್ತದೆ. ಹರಿವು ದಿಢೀರನೆ ನಿಂತಾಗ ಒತ್ತಡ ಹಾಗೆಯೇ ನೆಗೆಯುತ್ತದೆ. ಸಾವಿರಾರು ಸುತ್ತಿನ ಎರಡನೇ ಸುರುಳಿ ಆ ನೆಗೆತವನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸುತ್ತದೆ. ಅರ್ಧ ಮಿಲಿಮೀಟರ್ ಆಸುಪಾಸಿನ ಸಂದಿಯಲ್ಲಿ ನೀಲಿ ಕಿಡಿ! ಟೂ ಸ್ಟ್ರೋಕ್ ಎಂಜಿನ್ನಿಗೆ ಪ್ರತಿ ಸುತ್ತಿಗೂ ಒಂದು ಕಿಡಿ ಬೇಕು. ನಿಮಿಷಕ್ಕೆ 5,000 ಸುತ್ತು ಅಂದರೆ ಸೆಕೆಂಡಿಗೆ 83 ಕಿಡಿ. ಒಂದೂ ತಪ್ಪುವಂತಿಲ್ಲ.

ವೇಗ ಹೆಚ್ಚಿದಷ್ಟೂ ಕರೆಂಟು ಬಲವಾಗುತ್ತದೆ ಎಂಬುದು ಮ್ಯಾಗ್ನೆಟೊದ ಸೊಗಸು. ಇದನ್ನು ಕಾಣಲು ಪ್ರಯೋಗಾಲಯ ಬೇಕಿಲ್ಲ, ರಾತ್ರಿ ತೋಟದ ದಾರಿ ಸಾಕು. ಎಕ್ಸಲರೇಟರ್ ತಿರುವಿದರೆ ಹೆಡ್‌ಲೈಟ್ ಬೆಳ್ಳಗಾಗುತ್ತದೆ, ಬಿಟ್ಟರೆ ಕೆಂಪಗೆ ಮಂಕಾಗುತ್ತದೆ. ಗುಂಡಿ ಬಂತೆಂದು ನಿಧಾನ ಮಾಡಿದಾಗಲೇ ಬೆಳಕು ಕೈಕೊಡುತ್ತದೆ! ಎಷ್ಟೋ ಜನ ಇದನ್ನು ಗಾಡಿಯ ರೋಗವೆಂದು ಬಲ್ಬ್ ಬದಲಿಸುತ್ತಾರೆ. ರೋಗವಲ್ಲ ಸ್ವಾಮಿ, ಬೆಳಕಿನ ಕಾಯಿಲ್ಲೂ ಅದೇ ಫ್ಲೈವ್ಹೀಲಿನೊಳಗಿದೆ. ಕರೆಂಟನ್ನು ಕೂಡಿಡುವ ಜಾಗವೇ ಇಲ್ಲ, ಆಗ ಹುಟ್ಟಿದ್ದು ಆಗಲೇ ಉರಿದುಹೋಗುತ್ತದೆ. ಪೆಡಲನ್ನು ಮೆಲ್ಲಗೆ ತುಳಿದರೆ ಸ್ಟಾರ್ಟ್ ಆಗದ ಗಾಡಿ ಜೋರಾಗಿ ತುಳಿದರೆ ಹೊತ್ತಿಕೊಳ್ಳುವುದೂ ಇದೇ ಕಾರಣಕ್ಕೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೇ ಯೆಜ್ಡಿಗಳ ಕಥೆ ಬೇರೆ. ಅವು ಕಿಡಿಗೆ ಬ್ಯಾಟರಿಯನ್ನೇ ನಂಬಿದ್ದವು.

ಇನ್ನೊಂದು ಮಾತು, ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಹಳ್ಳದ ಹತ್ತಿರ, ಹುಣಸೆಮರದ ಕೆಳಗೆ, ಸ್ಮಶಾನದ ತಿರುವಿನಲ್ಲಿ ಗಾಡಿ ನಿಂತರೆ "ಗಾಳಿ ಸೋಕಿದೆ" ಎನ್ನುವವರು ಇನ್ನೂ ಇದ್ದಾರೆ. ಮರುದಿನ ನಿಂಬೆಹಣ್ಣು, ತಡೆ ಒಡೆಸುವುದು, ನೂರಾರು ರೂಪಾಯಿ ಖರ್ಚು. ಆಯುಧಪೂಜೆಗೆ ಗಾಡಿ ತೊಳೆದು ಹೂ ಹಾಕಿ, ನನ್ನ ತಕರಾರಿಲ್ಲ. ಆದರೆ ಹಳ್ಳದ ಹತ್ತಿರ ನಿಂತರೆ ಮೊದಲು ಪ್ಲಗ್ ವೈರು ಒದ್ದೆಯಾಗಿದೆಯೇ ನೋಡಿ. ವೈರಿನ ಸಿಪ್ಪೆ ಬಿರುಕು ಬಿಟ್ಟಿದ್ದರೆ ಕಿಡಿಯಾಗಬೇಕಾದ ಕರೆಂಟು ನೀರಿನ ಮೂಲಕ ಎಂಜಿನ್ನಿನ ಮೈಗೆ ಇಳಿದುಹೋಗುತ್ತದೆ. ಆಯಿಲ್ ಹೆಚ್ಚು ಬೆರೆಸಿದ ಪೆಟ್ರೋಲ್ ಹಾಕಿದ್ದರೆ ಪ್ಲಗ್ಗಿನ ತುದಿಯಲ್ಲಿ ಮಸಿ ಕಟ್ಟಿ ಸಂದಿಯೇ ಮುಚ್ಚಿರುತ್ತದೆ. ಪ್ಲಗ್ ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ, ಒಣಗಿಸಿ ಹಾಕಿ. ದೆವ್ವ ಬಿಟ್ಟುಹೋಗುತ್ತದೆ.

ಕಿಡಿ ತಪ್ಪಿದರೆ ಪ್ರಾಣವೇ ಹೋಗುವ ಕಡೆ ಒಂದೇ ಮ್ಯಾಗ್ನೆಟೊವನ್ನು ನಂಬುವುದಿಲ್ಲ. ಇವತ್ತಿಗೂ ಪಿಸ್ಟನ್ ಎಂಜಿನ್ನಿನ ಅನೇಕ ತರಬೇತಿ ವಿಮಾನಗಳಲ್ಲಿ ಎಂಜಿನ್ನಿಗೆ ಎರಡೆರಡು ಇರುತ್ತವೆ. ಮೇಲೇರುವ ಮುಂಚೆ ಪೈಲಟ್ ಒಂದೊಂದನ್ನೇ ಆಫ್ ಮಾಡಿ ಇನ್ನೊಂದು ಸರಿಯಿದೆಯೇ ಎಂದು ಪರೀಕ್ಷಿಸುತ್ತಾರೆ. ನನಗೆ ಮೈ ಜುಮ್ಮೆನ್ನಿಸಿದ ಸಂಗತಿ ಇದು: ಲೆಸ್ ಗ್ರಹಾಂ ಎರಡನೇ ಮಹಾಯುದ್ಧದಲ್ಲಿ ಲ್ಯಾಂಕಾಸ್ಟರ್ ಬಾಂಬರ್ ಹಾರಿಸಿದವರು. ಆ ವಿಮಾನಕ್ಕೆ ನಾಲ್ಕು ಎಂಜಿನ್, ಒಂದೊಂದಕ್ಕೆ ಎರಡು ಮ್ಯಾಗ್ನೆಟೊ, ಒಟ್ಟು ಎಂಟು. ಅಂಥವರನ್ನು ನಡುರಸ್ತೆಯಲ್ಲಿ ನಿಲ್ಲಿಸಿದ್ದು ಬೈಕಿನ ಒಂದೇ ಒಂದು.

ಅವರು ಅಲ್ಲಿಗೇ ಮುಗಿಯಲಿಲ್ಲ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಗೆದ್ದರು, ಆಮೇಲೆ ಉತ್ತರ ಐರ್ಲೆಂಡಿನ ಅಲ್ಸ್ಟರಿನಲ್ಲಿ ಗೆದ್ದರು. ಆ ಋತುವಿನ ಆರು ರೇಸುಗಳಲ್ಲಿ ಅತಿ ಹೆಚ್ಚು ಅಂಕ ತಂದ ಮೂರನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ನಿಯಮವಿತ್ತು. ಹಾಗೆ ಕೂಡಿದಾಗ ಗ್ರಹಾಂಗೆ 30, ಗಿಲೆರಾ ಓಡಿಸಿದ ಇಟಲಿಯ ನೆಲ್ಲೋ ಪಗಾನಿಗೆ 29. ಎಲ್ಲ ರೇಸುಗಳ ಅಂಕ ಕೂಡಿದ್ದರೆ ಪಗಾನಿಯೇ ಮುಂದಿರುತ್ತಿದ್ದರು. ಅವರೂ ಬರಿಗೈಲಿ ಹೋಗಲಿಲ್ಲ: ಅದೇ ವರ್ಷ 125 ಸಿಸಿ ವಿಭಾಗದ ಮೊದಲ ವಿಶ್ವ ಚಾಂಪಿಯನ್ ಆದರು.