ಕಣ್ಣಿಗೆ ಹನಿ ಹಾಕುವ ಮುನ್ನ ಕಂಪ್ಯೂಟರ್ ಸರಿಪಡಿಸಿ

ಬಸವಕಲ್ಯಾಣ, ಹುಮನಾಬಾದಿನ ಡಿ.ಟಿ.ಪಿ. ಅಂಗಡಿಗಳಲ್ಲಿ ದಿನವಿಡೀ ಕೂರುವವರ ದೂರು ಒಂದೇ: "ಡಾಕ್ಟ್ರೇ, ಸಂಜೆಯಾದ್ರೆ ಕಣ್ಣು ಉರೀತಾವ, ಕುತ್ತಿಗೆ ಹಿಡೀತದ." ಅಷ್ಟರಲ್ಲಿ ಕೆಲವರು ಔಷಧದಂಗಡಿಯಿಂದ ಯಾವುದೋ ಹನಿ ತಂದು ಹಾಕಿಕೊಂಡಿರುತ್ತಾರೆ. ಇದು ಅಪಾಯಕರ. ಸ್ಟೀರಾಯ್ಡ್ ಇರುವ ಹನಿಯನ್ನು ವೈದ್ಯರನ್ನು ಕೇಳದೆ ಬಹುದಿನ ಬಳಸಿದರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಅದರಿಂದ ಹೋದ ದೃಷ್ಟಿ ಮರಳುವುದಿಲ್ಲ.

ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆ. ಹೀಗಾಗಿ ಕಣ್ಣು ಒಣಗಿ ಉರಿಯುತ್ತದೆ. ಬೇಸಿಗೆಯಲ್ಲಿ ಕೂಲರ್ ಗಾಳಿ ಮುಖಕ್ಕೇ ಬಡಿದರೆ ಉರಿ ಇನ್ನೂ ಹೆಚ್ಚು. ಆದ್ದರಿಂದ ಹೀಗೆ ಮಾಡಿ:

* ಮಾನಿಟರ್ ಒಂದು ತೋಳಿನಷ್ಟು ದೂರವಿರಲಿ. ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗಿರಲಿ. ಲ್ಯಾಪ್‌ಟಾಪ್ ಆದರೆ ಅಡಿಗೆ ದಪ್ಪ ಪುಸ್ತಕಗಳನ್ನಿಟ್ಟು, ಬೇರೆ ಕೀಬೋರ್ಡ್ ಜೋಡಿಸಿಕೊಳ್ಳಿ.

* ಕಿಟಕಿ ಪಕ್ಕಕ್ಕಿರಲಿ. ಎದುರಿಗೂ ಬೇಡ, ಬೆನ್ನಿಗೂ ಬೇಡ. ಪರದೆಯ ಹೊಳಪನ್ನು ಕೋಣೆಯ ಬೆಳಕಿಗೆ ಹೊಂದಿಸಿ.

* ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಸ್ಕೇಲ್ ಅನ್ನು ಶೇ. 125ಕ್ಕೆ ಏರಿಸಿ. ಕನ್ನಡ ಟೈಪ್ ಮಾಡುವಾಗ ಜೂಮ್ ಶೇ. 150 ಇಟ್ಟರೆ ಒತ್ತಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ. ಮುದ್ರಣದ ಗಾತ್ರ ಬದಲಾಗದು.

* ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ, ರೆಪ್ಪೆ ಬಡಿಯಿರಿ.

ನಲವತ್ತು ದಾಟಿದವರು ಕಣ್ಣು ಪರೀಕ್ಷಿಸಿಕೊಳ್ಳಿ, ಚಾಳೀಸು ಬೇಕಾಗಿರಬಹುದು. ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ದೃಷ್ಟಿ ದಿಢೀರನೆ ಮಂಜಾದರೆ, ತಲೆನೋವಿನ ಜೊತೆ ವಾಂತಿಯಾದರೆ ಮಾತ್ರ ಕಂಪ್ಯೂಟರನ್ನು ದೂರುತ್ತ ಕೂರಬೇಡಿ. ಅದೇ ದಿನ ವೈದ್ಯರನ್ನು ಕಾಣಿರಿ.