ಎದುರು ವಾಹನವಿಲ್ಲದ ಅಪಘಾತಗಳು: ನಮ್ಮ ಗಡಿ ರಸ್ತೆಗಳಲ್ಲಿ ವಹಿಸಬೇಕಾದ ಎಚ್ಚರ

2015ರ ಜನವರಿ 7ರಂದು ಮಡಕಶಿರದಿಂದ ಪೆನುಕೊಂಡಕ್ಕೆ ಹೊರಟಿದ್ದ ಸಾರಿಗೆ ಬಸ್ಸು ಕಮರಿಗೆ ಉರುಳಿದ ದಿನವನ್ನು ನಮ್ಮ ಭಾಗದ ತಂದೆತಾಯಿಗಳು ಮರೆತಿಲ್ಲ. ಮಡಿದವರಲ್ಲಿ ಅನೇಕರು ವಿದ್ಯಾರ್ಥಿಗಳು. 2022ರ ಮಾರ್ಚ್ 19ರಂದು ನೆರೆಯ ಪಾವಗಡ ತಾಲ್ಲೂಕಿನ ಪಳವಳ್ಳಿಯ ಬಳಿ ಕಿಕ್ಕಿರಿದ ಖಾಸಗಿ ಬಸ್ಸು ಮಗುಚಿದಾಗಲೂ ವಿದ್ಯಾರ್ಥಿಗಳೇ ಬಲಿಯಾದರು. ಈ ಎರಡೂ ದುರಂತಗಳಲ್ಲಿ ಒಂದು ವಾಹನ ಮತ್ತೊಂದಕ್ಕೆ ಡಿಕ್ಕಿ ಹೊಡೆದಿರಲಿಲ್ಲ. ಇಂದು ರತ್ನಗಿರಿ, ರೊಳ್ಳ, ಅಗಳಿ, ರಾಯದುರ್ಗದ ಹಳ್ಳಿಗಳಲ್ಲಿಯೂ ಕಾರುಗಳು ಹೆಚ್ಚಿರುವುದರಿಂದ, ಎದುರಿಗೆ ಯಾರೂ ಇಲ್ಲದಿದ್ದರೂ ವಾಹನವು ಹಳ್ಳಕ್ಕೋ ಹುಣಸೆಮರಕ್ಕೋ ನುಗ್ಗುವುದು ಏಕೆಂಬುದನ್ನು ತಿಳಿಯುವುದು ಅಗತ್ಯವಾಗಿದೆ.

ಮೊದಲ ಕಾರಣ ನಿದ್ದೆ. ಧರ್ಮಸ್ಥಳಕ್ಕೋ ಬೆಂಗಳೂರಿನ ಮದುವೆಗೋ ಹೋಗಿ, ಊಟ ಮುಗಿಸಿ, ಬೆಳಗ್ಗೆ ಮಕ್ಕಳಿಗೆ ಶಾಲೆಯಿದೆಯೆಂದು ರಾತ್ರಿಯೇ ಹೊರಡುವುದು ನಮ್ಮ ರೂಢಿ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಚಾಲಕನ ಕಣ್ಣು ಮೂರು ಸೆಕೆಂಡು ಮುಚ್ಚಿದರೆ 66 ಮೀಟರ್ ದೂರ ಕಾರನ್ನು ನಡೆಸುವವರೇ ಇರುವುದಿಲ್ಲ. ಗಾಜು ಇಳಿಸುವುದು, ಹಾಡು ಹಾಕುವುದು, ಎಲೆಯಡಿಕೆ ಮೆಲ್ಲುವುದು ನಿದ್ದೆಯನ್ನು ತಡೆಯುವುದಿಲ್ಲ. ಪೆಟ್ರೋಲ್ ಬಂಕಿನಂತಹ ಬೆಳಕಿರುವ ಸ್ಥಳದಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗುವುದು ಒಳಿತು. ಬೆಳಗಿನವರೆಗೆ ಉಳಿದು ಹೊರಡುವುದು ಇನ್ನೂ ಒಳಿತು. ಮಗು ಒಂದು ದಿನ ಶಾಲೆ ತಪ್ಪಿಸಿದರೆ ಯಾವ ಮೇಷ್ಟರೂ ಮುನಿಯಲಾರರು.

ಎರಡನೆಯದು ವೇಗ. ವೇಗವು ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ಕಾರು ಓಡುವ ದೂರವು ನಾಲ್ಕರಷ್ಟಾಗುತ್ತದೆ. ನಮ್ಮ ಕಿರಿದಾದ ರಸ್ತೆಗಳಲ್ಲಿ ಡಾಂಬರಿನ ಅಂಚು ಮಣ್ಣಿಗಿಂತ ಎತ್ತರವಿರುತ್ತದೆ. ಚಕ್ರವು ಅಲ್ಲಿಂದ ಕೆಳಗಿಳಿದೊಡನೆ ಗಾಬರಿಯಿಂದ ಸ್ಟೇರಿಂಗನ್ನು ಬಲಕ್ಕೆ ಎಳೆಯುವವರೇ ಹೆಚ್ಚು. ಆಗ ಚಕ್ರವು ಅಂಚನ್ನು ಒಮ್ಮೆಲೇ ಏರಿ, ಕಾರು ರಸ್ತೆಗೆ ಅಡ್ಡವಾಗಿ ತಿರುಗಿ ಪಲ್ಟಿಯಾಗುತ್ತದೆ. ಸ್ಟೇರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ತಗ್ಗಿದ ಮೇಲೆ ನಿಧಾನವಾಗಿ ಮೇಲೇರಬೇಕು. ಟೈರು ಸಿಡಿದಾಗಲೂ ಕ್ರಮ ಇದೇ. ಬ್ರೇಕನ್ನು ಒಮ್ಮೆಲೇ ಒತ್ತಬಾರದು. ಕಡಿಮೆ ಗಾಳಿಯಿರುವ ಟೈರು ನಮ್ಮ ಸೀಮೆಯ ಬೇಸಿಗೆಯಲ್ಲಿ ಬೇಗ ಕಾಯುತ್ತದೆ. ಆದುದರಿಂದ ಬೆಳಗ್ಗೆ, ಟೈರು ತಣ್ಣಗಿರುವಾಗಲೇ ಗಾಳಿಯನ್ನು ಪರೀಕ್ಷಿಸಬೇಕು. ನಾಯಿ ಅಡ್ಡ ಬಂದಾಗ ನೇರವಾಗಿ ಬ್ರೇಕು ಹಿಡಿಯಬೇಕೇ ಹೊರತು ಬದಿಗೆ ತಿರುಗಿಸಬಾರದು. ಇದು ಕಠಿಣವಾದ ಮಾತೆಂದು ಬಲ್ಲೆವು. ಆದರೆ ಒಳಗೆ ಮಕ್ಕಳಿರುತ್ತಾರೆ.

ನಮ್ಮದೇ ತಪ್ಪೊಂದನ್ನೂ ಇಲ್ಲಿ ಹೇಳಬೇಕು. ಸುಗ್ಗಿಯಲ್ಲಿ ರಾಗಿ, ಹುರುಳಿಗಳನ್ನು ಟಾರು ರಸ್ತೆಯ ಮೇಲೆ ಹರಡಿ ವಾಹನಗಳಿಂದ ಒಕ್ಕಣೆ ಮಾಡಿಸುತ್ತೇವೆ. ಹುಲ್ಲಿನ ಮೇಲೆ ಬ್ರೇಕು ಹಿಡಿದರೆ ಚಕ್ರ ಜಾರುತ್ತದೆ. ಇಬ್ಬನಿಯಲ್ಲಿ ನೆನೆದಿದ್ದರೆ ಹೇಳಲೇಬೇಕಾಗಿಲ್ಲ. ಒಣಹುಲ್ಲು ಕಾರಿನಡಿಯ ಬಿಸಿ ಕೊಳವೆಗೆ ಸುತ್ತಿಕೊಂಡರೆ ಬೆಂಕಿಯೂ ಹತ್ತಬಹುದು. ಎಲ್ಲಕ್ಕಿಂತ ಅಪಾಯಕಾರಿಯಾದವು, ಕಾಳು ಬಾಚಿಕೊಂಡು ಹೋದ ಮೇಲೆ ಕತ್ತಲಲ್ಲಿ ಹಾಗೆಯೇ ಉಳಿಯುವ ಕಾವಲುಗಲ್ಲುಗಳು. ಕಣಕ್ಕೆ ಜಾಗವಿಲ್ಲದ ರೈತನ ಕಷ್ಟವು ನಿಜ. ಆದರೂ ಕಲ್ಲುಗಳನ್ನು ಎತ್ತಿಡುವುದಕ್ಕೆ ಖರ್ಚೇನೂ ಇಲ್ಲ.

ಮೂರನೆಯದು ಸೀಟ್ ಬೆಲ್ಟು. ಉದ್ಯಮಿ ಸೈರಸ್ ಮಿಸ್ತ್ರಿಯವರು ಪ್ರಯಾಣಿಸುತ್ತಿದ್ದ ಕಾರು 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಸೇತುವೆಯ ಗೋಡೆಗೆ ಅಪ್ಪಳಿಸಿತು. ಬೆಲ್ಟು ಧರಿಸದೆ ಹಿಂದೆ ಕುಳಿತಿದ್ದ ಇಬ್ಬರೂ ತೀರಿಕೊಂಡರು. ಮುಂದಿನ ಇಬ್ಬರು ಗಾಯಗೊಂಡು ಬದುಕಿದರು. ಬೆಲೆಬಾಳುವ ಕಾರೂ ಹಿಂದಿನವರನ್ನು ಕಾಪಾಡಲಿಲ್ಲ. ಹಿಂದಿನ ಸೀಟಿನವರೂ ಬೆಲ್ಟು ಧರಿಸಬೇಕೆಂಬುದು ಕಾನೂನು. ತಪ್ಪಿದರೆ 1000 ರೂಪಾಯಿ ದಂಡ. ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಪ್ರೀತಿಯಂತೆ ಕಂಡರೂ, ಡಿಕ್ಕಿಯ ಕ್ಷಣದಲ್ಲಿ ಯಾವ ತಾಯಿಯ ತೋಳೂ ಮಗುವನ್ನು ಹಿಡಿದಿಡಲಾರದು.

ಹತ್ತನೆಯ ತರಗತಿಯ ಹುಡುಗನ ಕೈಗೆ ಕಾರಿನ ಕೀಲಿ ಕೊಡುವವರು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯನ್ನು ನೆನೆಯಬೇಕು. ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 25,000 ರೂಪಾಯಿ ದಂಡವಿದೆ; ವಾಹನದ ನೋಂದಣಿಯೂ ಹನ್ನೆರಡು ತಿಂಗಳು ರದ್ದಾಗುತ್ತದೆ.

ರಸ್ತೆಬದಿಯ ಫಲಕಗಳ ಅಕ್ಷರವು ತೆಲುಗಿನಲ್ಲಿದ್ದರೂ ಚಿತ್ರಗಳಿಗೆ ಭಾಷೆಯಿಲ್ಲ. ಕೆಂಪು ಅಂಚಿನ ತ್ರಿಕೋನವು ಮುಂದಿನ ತಿರುವು, ಇಳಿಜಾರು, ಕಿರುಸೇತುವೆಗಳ ಎಚ್ಚರಿಕೆಯೆಂದು ಮಕ್ಕಳಿಗೆ ಮನೆಯಲ್ಲಿಯೇ ಕಲಿಸಬಹುದು. ಅಪಘಾತವನ್ನು ಕಂಡವರು 108ಕ್ಕೆ ಕರೆ ಮಾಡಲು ಹಿಂಜರಿಯಬೇಕಾಗಿಲ್ಲ. ಗಾಯಾಳುವಿಗೆ ಸದ್ಭಾವದಿಂದ ನೆರವಾದವರು ತಮ್ಮ ಹೆಸರು ಹೇಳಲೇಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ.