ಅಂಚೆಪೆಟ್ಟಿಗೆಯ ಮೇಲಿನ ಹೆಸರು

ಜರ್ಮನಿಯ ಅಪಾರ್ಟ್‌ಮೆಂಟುಗಳಲ್ಲಿ ಮನೆಗಳಿಗೆ ಸಾಮಾನ್ಯವಾಗಿ ನಂಬರು ಇರುವುದಿಲ್ಲ. ವಿಳಾಸವೆಂದರೆ ಬೀದಿಯ ಹೆಸರು, ಕಟ್ಟಡದ ಸಂಖ್ಯೆ, ಪಿನ್‌ಕೋಡು, ಊರು. ಒಳಗೆ ಹತ್ತು ಸಂಸಾರಗಳಿದ್ದರೂ ಯಾವ ಕಾಗದ ಯಾರದೆಂದು ಅಂಚೆಯವರಿಗೆ ಗೊತ್ತಾಗುವುದು ಬಾಗಿಲ ಬಳಿಯ ಪೆಟ್ಟಿಗೆಯ ಮೇಲೆ ಅಂಟಿಸಿದ ಹೆಸರಿನಿಂದ. ಹೆಸರಿಲ್ಲದಿದ್ದರೆ ಕಾಗದ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಹೊಸದಾಗಿ ಬಂದವರ ಬದುಕು ಅಲ್ಲಿ ಬೇರೂರುವುದು ಈ ಪುಟ್ಟ ಚೀಟಿಯಿಂದಲೇ, ಏಕೆಂದರೆ ಬ್ಯಾಂಕು, ವಿಮೆ, ತೆರಿಗೆ ಇಲಾಖೆಗಳು ಈಗಲೂ ಮುಖ್ಯವಾದುದನ್ನು ಅಂಚೆಯಲ್ಲೇ ಕಳಿಸುತ್ತವೆ.

ಬೆಂಗಳೂರಿನಿಂದ ಮ್ಯೂನಿಕ್‌ಗೋ ಸ್ಟುಟ್‌ಗಾರ್ಟ್‌ಗೋ ಹೋದ ಕನ್ನಡಿಗರಿಗೆ ಆ ಚೀಟಿಯಲ್ಲಿ ಏನು ಬರೆಯಬೇಕೆಂಬುದೇ ಮೊದಲ ಗೊಂದಲ. ಇನಿಷಿಯಲ್ ಇಟ್ಟುಕೊಳ್ಳುವ ನಮ್ಮಲ್ಲಿ ಮನೆತನದ ಹೆಸರು ಎಲ್ಲರಿಗೂ ಇರುವುದಿಲ್ಲ. ಪಾಸ್‌ಪೋರ್ಟಿನ ಆ ಜಾಗದಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಕೂತಿರುತ್ತದೆ. ಜರ್ಮನಿಯಲ್ಲಿ ಅಪರಿಚಿತರನ್ನು ಕರೆಯುವುದು ಮನೆತನದ ಹೆಸರು ಹಿಡಿದೇ. ಹಾಗಾಗಿ ಮಗಳನ್ನು ಕಚೇರಿಯವರು ‘ಫ್ರೌ ರಮೇಶ್’ ಎಂದು ಅಪ್ಪನ ಹೆಸರಿನಿಂದ ಕರೆಯುತ್ತಾರೆ, ಪೆಟ್ಟಿಗೆಯ ಮೇಲೂ ಅದನ್ನೇ ಅಂಟಿಸಬೇಕಾಗುತ್ತದೆ.

ಮನೆಗೆ ಬಂದು ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಾಸದ ನೋಂದಣಿ ಮಾಡಿಸುವುದು ಕಾನೂನು. ಇದಕ್ಕೆ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. 2015ರ ನವೆಂಬರ್‌ನಿಂದ ಮನೆ ಮಾಲೀಕರ ಸಹಿಯಿರುವ ದೃಢೀಕರಣವೂ ಬೇಕು. ನೋಂದಣಿಯಾದ ಮೇಲೆ 11 ಅಂಕಿಗಳ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಜೀವನಪರ್ಯಂತ ಅದೊಂದೇ. ಅದು ಕೈಸೇರುವವರೆಗೆ ಸಂಬಳದಲ್ಲಿ ತೆರಿಗೆ ಹೆಚ್ಚಿನ ದರದಲ್ಲಿ ಕಡಿತವಾಗಬಹುದು. ಒಂದು ಕಾಗದಕ್ಕೆ ಇನ್ನೊಂದು ಕಾಗದ ಬೇಕು, ಎಲ್ಲದಕ್ಕೂ ಮೊದಲು ಮನೆ ಬೇಕು. ದೊಡ್ಡ ನಗರಗಳಲ್ಲಿ ಸಿಗುವುದು ಅತಿ ಕಷ್ಟವಾದದ್ದೂ ಮನೆಯೇ. ಮೊದಲ ತಿಂಗಳ ಬಳಲಿಕೆಗೆ ನಿಜವಾದ ಕಾರಣ ಈ ಸುತ್ತು, ಚಳಿಯಲ್ಲ.

ಬಾಡಿಗೆಯಲ್ಲಿ ‘ತಣ್ಣನೆಯ ಬಾಡಿಗೆ’, ‘ಬೆಚ್ಚನೆಯ ಬಾಡಿಗೆ’ ಎಂದು ಎರಡು ಲೆಕ್ಕ. ಮೊದಲನೆಯದು ಗೋಡೆ, ಚಾವಣಿಗೆ. ಎರಡನೆಯದರಲ್ಲಿ ಹೀಟಿಂಗ್, ನೀರು, ಕಸ ವಿಲೇವಾರಿಯಂಥ ಖರ್ಚುಗಳೂ ಸೇರುತ್ತವೆ. ಕರೆಂಟು ಸಾಮಾನ್ಯವಾಗಿ ಬೇರೆ. ಅಡ್ವಾನ್ಸು ಮೂರು ತಿಂಗಳ ತಣ್ಣನೆಯ ಬಾಡಿಗೆಯನ್ನು ಮೀರುವಂತಿಲ್ಲ. ಹತ್ತು ತಿಂಗಳ ಅಡ್ವಾನ್ಸು ಕಂಡ ಬೆಂಗಳೂರಿನವರಿಗೆ ಇದು ನೆಮ್ಮದಿ. ಆದರೆ ಎಷ್ಟೋ ಮನೆಗಳ ಅಡುಗೆಕೋಣೆಯಲ್ಲಿ ಒಲೆ, ಸಿಂಕು, ಕಪಾಟು ಯಾವುದೂ ಇರುವುದಿಲ್ಲ. ಹಿಂದಿನ ಬಾಡಿಗೆದಾರರು ತಮ್ಮದನ್ನು ಬಿಚ್ಚಿಕೊಂಡು ಹೋಗಿರುತ್ತಾರೆ.

ಆಮೇಲೆ ಬರುವುದು ಭಾನುವಾರ. ಅಂದು ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಬೇಕರಿ, ಪೆಟ್ರೋಲ್ ಬಂಕು, ದೊಡ್ಡ ರೈಲು ನಿಲ್ದಾಣದ ಮಳಿಗೆಗಳಂಥ ಕೆಲವಷ್ಟೇ ಹೊರತು. ಶನಿವಾರ ಹಾಲು ತರಲು ಮರೆತವರು ಈ ಪಾಠವನ್ನು ಒಂದೇ ಸಲಕ್ಕೆ ಕಲಿಯುತ್ತಾರೆ. ಇದು ವ್ಯಾಪಾರಿಗಳ ರೂಢಿಯಷ್ಟೇ ಅಲ್ಲ. 1919ರ ವೈಮಾರ್ ಸಂವಿಧಾನದಲ್ಲಿದ್ದ ಭಾನುವಾರದ ವಿರಾಮದ ವಿಧಿಯನ್ನು ಇಂದಿನ ಸಂವಿಧಾನದ 140ನೇ ವಿಧಿ ಹಾಗೆಯೇ ಉಳಿಸಿಕೊಂಡಿದೆ. ಅಂದು ಗೋಡೆಗೆ ಡ್ರಿಲ್ ಹಾಕುವಂತಿಲ್ಲ, ಖಾಲಿ ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಎಸೆಯುವಂತಿಲ್ಲ. ದಿನವೂ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿಶ್ಶಬ್ದದ ಹೊತ್ತು. ದೋಸೆಗೆ ರುಬ್ಬುವುದನ್ನು ಅದಕ್ಕೂ ಮುಂಚೆಯೇ ಮುಗಿಸಬೇಕು. ಹೊಸಬರಿಗೆ ಈ ಮೌನ ಬಿಗುಮಾನದಂತೆ ಕಾಣುತ್ತದೆ. ಅದು ಪಕ್ಕದವರ ವಿಶ್ರಾಂತಿಗೆ ಕೊಡುವ ಮರ್ಯಾದೆ ಎಂದು ಅರಿವಾಗಲು ಕೆಲವು ತಿಂಗಳು ಬೇಕು.

ಬಾಟಲಿಗೂ ಅಲ್ಲಿ ಬೆಲೆಯಿದೆ. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ, ಕ್ಯಾನುಗಳಿಗೆ 25 ಸೆಂಟ್ ಠೇವಣಿ. ಖಾಲಿಯಾದದ್ದನ್ನು ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಕೌಂಟರಿನಲ್ಲಿ ಕೊಟ್ಟು ಹಣ ಪಡೆಯಬಹುದು.

ಭಾಷೆ ಕಠಿಣ, ಆದರೆ ಒಂದು ವಿಷಯದಲ್ಲಿ ಕನ್ನಡಿಗರಿಗೆ ದಾರಿ ಹತ್ತಿರ. ‘ಡು’ ಎಂದರೆ ನೀನು, ‘ಜೀ’ ಎಂದರೆ ನೀವು. ಇಂಗ್ಲಿಷ್ ಮಾತ್ರ ಬಲ್ಲವರು ತಡಕಾಡುವ ಈ ಭೇದ ನಮಗೆ ಮನೆಯಿಂದಲೇ ಗೊತ್ತು. ದೇವರನ್ನು ಜರ್ಮನರೂ ಕನ್ನಡಿಗರೂ ಏಕವಚನದಲ್ಲೇ ಕರೆಯುತ್ತಾರೆ. ವ್ಯತ್ಯಾಸ ಇಷ್ಟೇ: ಹಿರಿಯರೋ ಮೇಲಧಿಕಾರಿಯೋ ಒಮ್ಮೆ ‘ಡು’ ಎನ್ನೋಣವೆಂದರೆ ಅವರನ್ನೂ ಹಾಗೆಯೇ ಕರೆಯಬೇಕು. ಕನ್ನಡದ ನಾಲಿಗೆ ಅಲ್ಲಿ ತಡವರಿಸುತ್ತದೆ.

ಬೇಸಿಗೆಯಲ್ಲಿ ರಾತ್ರಿ 9 ಆದರೂ ಬೆಳಕಿದ್ದ ಮ್ಯೂನಿಕ್‌ನಲ್ಲಿ ಡಿಸೆಂಬರ್ ಹೊತ್ತಿಗೆ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ದೋಸೆಹಿಟ್ಟು ಹುದುಗುವುದಿಲ್ಲ, ಓವನ್ನಿನ ದೀಪ ಹಚ್ಚಿ ಒಳಗಿಡಬೇಕು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರಗಳು ಒಂದು ಗಂಟೆ ಹಿಂದೆ ಸರಿದಾಗ ಭಾರತದೊಂದಿಗಿನ ಅಂತರ ಮೂರೂವರೆಯಿಂದ ನಾಲ್ಕೂವರೆ ಗಂಟೆಗೆ ಏರುತ್ತದೆ. ಊರಿನಲ್ಲಿ ರಾತ್ರಿ 9ಕ್ಕೆ ಊಟ ಮುಗಿಸಿ ಅಮ್ಮ ಮಾಡುವ ಫೋನು ಬೇಸಿಗೆಯಲ್ಲಿ ಐದೂವರೆಗೆ, ಕೆಲಸ ಮುಗಿಯುವ ವೇಳೆಗೆ ಬರುತ್ತಿತ್ತು. ಚಳಿಗಾಲದಲ್ಲಿ ಅದು ನಾಲ್ಕೂವರೆಗೆ, ಇನ್ನೂ ಆಫೀಸಿನಲ್ಲಿರುವಾಗಲೇ ಬರುತ್ತದೆ. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಮತ್ತೆ ಮುಂದೆ ಸರಿಯುವವರೆಗೂ ಹೀಗೆಯೇ.